ಮುದ್ದೆಯೊಳಗೆ ಹೋದ ಮಾತ್ರೆ

ಚಾಮರಾಜನಗರ ಇನ್ನೂ ಜಿಲ್ಲೆ ಆಗಿರಲಿಲ್ಲ. ಸಣ್ಣ ಕಾಯಿಲೆಗೆ ಬೇಗೂರು, ಅದು ಬಲಿತರೆ ಗುಂಡ್ಲುಪೇಟೆ, ಅಲ್ಲೂ ಆಗದಿದ್ದರೆ ಮೈಸೂರು ಎಂದು ಜನ ಓಡಾಡುತ್ತಿದ್ದ ಕಾಲ. ಬೇಗೂರಿನ ಹೆದ್ದಾರಿಯಿಂದ ಎರಡು ಮೈಲಿ ಒಳಗಿದ್ದ ಒಂದು ಊರಲ್ಲಿ, ಸಂಕ್ರಾಂತಿ ಕಳೆದ ನಾಲ್ಕನೇ ದಿನ, ಬಿಸಿಲು ಏರುವ ಹೊತ್ತಿಗೆ ಪುಟ್ಟಸಿದ್ದಮ್ಮ ಖಾಲಿ ತಟ್ಟೆ ಹಿಡಿದುಕೊಂಡು ಬೀದಿಯಲ್ಲಿ ಓಡಿದಳು.

ಐವತ್ತು ದಾಟಿದ ಹೆಂಗಸು. ಮದುವೆಯಾಗಿ ಆ ಊರಿಗೆ ಬಂದ ಮೇಲೆ ಅವಳು ಓಡಿದ್ದನ್ನು ಯಾರೂ ಕಂಡಿರಲಿಲ್ಲ.

"ಸಣ್ಣತಾಯಕ್ಕಾ! ಒಂದು ತುತ್ತು ಹಿಟ್ಟಿದ್ರೆ ಕೊಡಕ್ಕಾ!"

ಹಿಟ್ಟು ಅಂದರೆ ಆ ಕಡೆ ರಾಗಿಮುದ್ದೆ. ಪಕ್ಕದ ಮನೆಯ ಸಣ್ಣತಾಯಮ್ಮ ಜಗುಲಿಯ ಮೇಲೆ ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು.

"ಈ ಒತ್ನಲ್ಲಿ ಹಿಟ್ಟು ಯಾರ್ಗಮ್ಮಿ? ನೆಂಟ್ರು ಬಂದ್ರಾ?"

"ನಮ್ಮನೆಯವರ್ಗೆ ಕಣಕ್ಕ. ಎದೆ ಇಡ್ಕಂಡದೆ. ಬೆವ್ರು ಸುರೀತಾ ಅದೆ."

"ಎದೆ ಇಡ್ಕಂಡೋರು ಹಿಟ್ಟು ಉಂಡಾರಾ? ನಿಂಗೇನ್ ತಲೆ ಕೆಟ್ಟದಾ?"

"ಉಣ್ಣಕ್ಕಲ್ಲಕ್ಕ, ಮಾತ್ರೆ ನುಂಗಕ್ಕೆ! ನಮ್ಮನೇಲಿ ಇನ್ನೂ ಎಸರೇ ಇಟ್ಟಿಲ್ಲ."

"ಅದ್ಕಾ! ಅಂಗನ್ನು ಮತ್ತೆ" ಎಂದು ಸಣ್ಣತಾಯಮ್ಮ ಅವರೆಕಾಯಿ ಮೊರ ಪಕ್ಕಕ್ಕಿಟ್ಟು ಒಳಗೆ ಹೋದಳು. ರಾತ್ರಿ ಉಳಿದಿದ್ದ ತಂಗಳು ಮುದ್ದೆಯಲ್ಲಿ ಒಂದು ಹಿಡಿ ಮುರಿದು ತಂದು ತಟ್ಟೆಗೆ ಹಾಕಿದಳು. ಅವಳಿಗೆ ಮುಂದೆ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾತ್ರೆಯನ್ನು ಮುದ್ದೆಯಲ್ಲಿ ಮುಚ್ಚಿ ನುಂಗಿಸುವುದು ಅವಳ ಮನೆಯಲ್ಲೂ ಇತ್ತು, ಎಲ್ಲರ ಮನೆಯಲ್ಲೂ ಇತ್ತು.

ಪುಟ್ಟಸಿದ್ದಮ್ಮ ವಾಪಸು ಬರುವಾಗ ಗಂಡ ಮರಿಮಲ್ಲಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಎಡಗೈ ಸೋತು ತೊಡೆಯ ಮೇಲೆ ಬಿದ್ದಿತ್ತು. ಅವಳು ಗೋಡೆಯ ಗೂಡಿನಿಂದ ಮಾತ್ರೆ ಹಾಳೆ ತೆಗೆದು, ಕಡಲೆಬೇಳೆಗಿಂತ ಸಣ್ಣಗಿದ್ದ ಬಿಳೀ ಮಾತ್ರೆಯನ್ನು ಮುದ್ದೆಯ ನಡುವೆ ಒತ್ತಿ, ಉಂಡೆ ಮಾಡಿ, ರಾತ್ರಿ ಉಳಿದಿದ್ದ ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಅವನು ಕಣ್ಣು ಮುಚ್ಚಿ ನುಂಗಿದ. ಆಮೇಲೆ ಮೊರದಲ್ಲಿ ಗಾಳಿ ಬೀಸುತ್ತ ಅವಳು ಕಾದಳು. ನೆರಳು ಹೊಸ್ತಿಲಿಂದ ಒಳಗೆ ಸರಿಯುವಷ್ಟು ಹೊತ್ತಾಯಿತು. ನೋವು ಬಂದ ಹಾಗೇ ಮೆಲ್ಲಗೆ ಹೋಯಿತು.

"ಇಳೀತಾ?"

"ಇಳೀತು. ಮಾತ್ರೆಯಿಂದ ಇಳೀತೋ, ಅದಾಗೇ ಸುಸ್ತಾಗಿ ಇಳೀತೋ ಕಾಣೆ."

ಈ ಪದ್ಧತಿಯನ್ನು ಪುಟ್ಟಸಿದ್ದಮ್ಮನಿಗೆ ಕಲಿಸಿದವಳು ಅವಳ ಅತ್ತೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲವಲ್ಲ, ಮುರಿದು, ಸಾರಿಗೆ ಒತ್ತಿ, ನುಂಗುವುದು. ಅದರೊಳಗೆ ಕೂತ ಮಾತ್ರೆ ಸದ್ದಿಲ್ಲದೆ ಹೊಟ್ಟೆ ಸೇರುತ್ತದೆ, ಕಹಿ ಗೊತ್ತಾಗುವುದಿಲ್ಲ. ಚಳಿಜ್ವರದ ಕಹಿ ಮಾತ್ರೆಯನ್ನು ಆ ಅತ್ತೆ ಮಕ್ಕಳಿಗೆ ಹೀಗೇ ನುಂಗಿಸುತ್ತಿದ್ದಳು. ಸೊಪ್ಪಿನ ಸಾರು ಬಡಿಸುತ್ತ, ಕತೆ ಹೇಳುತ್ತ, ಯಾವ ತುತ್ತಿನಲ್ಲಿ ಔಷಧ ಇದೆ ಎಂದು ಮಗುವಿಗೆ ತಿಳಿಯದ ಹಾಗೆ. "ಗೆದ್ದೆ ಕಣ್ಲಾ, ನುಂಗ್ಬುಟ್ಟೆ!" ಎಂದು ಕೊನೆಗೆ ಅವಳು ಚಪ್ಪಾಳೆ ತಟ್ಟಿದಾಗಲೇ ಮಕ್ಕಳಿಗೆ ಗೊತ್ತಾಗುತ್ತಿದ್ದದ್ದು. ಆ ಅತ್ತೆ ಹೋಗಿ ಬಹಳ ವರ್ಷವಾಗಿತ್ತು. ಆದರೂ ಮಾತ್ರೆ ಮುಚ್ಚಿದ ಉಂಡೆ ಕಟ್ಟುವಾಗೆಲ್ಲ ಪುಟ್ಟಸಿದ್ದಮ್ಮನಿಗೆ ಆ ಬಳೆಗಳ ಸದ್ದು ಕೇಳಿದಂತೆ ಆಗುತ್ತಿತ್ತು. ಅಷ್ಟು ಪ್ರೀತಿಯಿಂದ ಬಂದ ಪದ್ಧತಿ ತಪ್ಪಿರಬಹುದು ಎಂದು ಯಾರಿಗೆ ಅನ್ನಿಸುತ್ತದೆ?

ಮರಿಮಲ್ಲಪ್ಪ ಅರಿಶಿನ ಬೇಯಿಸುವುದರಲ್ಲಿ ಸುತ್ತಿನ ಊರುಗಳಿಗೆಲ್ಲ ಹೆಸರಾದವನು. ಆಗ ಯಂತ್ರ ಇರಲಿಲ್ಲ. ಹೊಲದಲ್ಲೇ ಗುಂಡಿ ಒಲೆ ತೋಡಿ, ತಾಮ್ರದ ದೊಡ್ಡ ಕೊಪ್ಪರಿಗೆ ಕೂರಿಸಿ, ಕಿತ್ತ ಅರಿಶಿನ ತುಂಬಿ, ಗೋಣಿತಾಟು ಮುಚ್ಚಿ ಬೇಯಿಸುತ್ತಿದ್ದರು. ನೊರೆ ಉಕ್ಕಿ ಬರುವಾಗ ಮರಿಮಲ್ಲಪ್ಪ ಒಂದು ಕೊಂಬು ಎತ್ತಿ ಕಡ್ಡಿ ಚುಚ್ಚುವನು. ಕಡ್ಡಿ ಹೋದ ರೀತಿ ನೋಡಿ "ಇಳುಸ್ರಲಾ" ಎಂದರೆ ಆ ಗಳಿಗೆಗೇ ಇಳಿಸಬೇಕು. ಹೆಚ್ಚು ಬೆಂದರೆ ಬಣ್ಣ ಕೆಡುತ್ತದೆ, ಕಡಿಮೆ ಬೆಂದರೆ ಹುಳ ಬೀಳುತ್ತದೆ. ಕಿತ್ತು ಬೇಯಿಸುವ ಆ ಎರಡು ತಿಂಗಳು ಊರಿನ ಗಾಳಿಯೇ ಅರಿಶಿನದ ವಾಸನೆ. ಮಕ್ಕಳ ಅಂಗಾಲು, ಹೆಂಗಸರ ಉಗುರು, ಒಣಹಾಕಿದ ಪಂಚೆಯ ಅಂಚು ಎಲ್ಲವೂ ಹಳದಿ. ಪುಟ್ಟಸಿದ್ದಮ್ಮನಿಗೆ ಇವತ್ತಿಗೂ ಎಲ್ಲಾದರೂ ಹಸಿ ಅರಿಶಿನ ಬೇಯುವ ವಾಸನೆ ಬಂದರೆ ಕಾಲು ಅಲ್ಲೇ ನಿಲ್ಲುತ್ತದೆ.

ಹಿಂದಿನ ದೀಪಾವಳಿಯಲ್ಲಿ ಮರಿಮಲ್ಲಪ್ಪನಿಗೆ ಮೊದಲ ಸಲ ಎದೆ ನೋವು ಬಂದಿತ್ತು. ತಮ್ಮ ಶಿವಸ್ವಾಮಿ ಮೈಸೂರಿಗೆ ಕರೆದುಕೊಂಡು ಹೋದ. ಎದೆಗೆ ವೈರು ಅಂಟಿಸಿ ಗೀಟು ತೆಗೆದು ನೋಡಿದ ಡಾಕ್ಟರು, ಹೃದಯಕ್ಕೆ ರಕ್ತ ಸಾಲುತ್ತಿಲ್ಲ ಎಂದರು. ದಿನ ನುಂಗುವ ಮಾತ್ರೆ ಕೊಟ್ಟರು. ನೋವು ಬಂದಾಗ ಮಾತ್ರ ತಗೊಳ್ಳಿ ಎಂದು ಬೇರೆ ಒಂದು ಹಾಳೆ ಮಾತ್ರೆ ಕೊಟ್ಟು, ಅದನ್ನು ಹೇಗೆ ತಗೊಳ್ಳಬೇಕೆಂದು ಶಿವಸ್ವಾಮಿಗೆ ನಿಧಾನವಾಗಿ ಹೇಳಿದರು. ಶಿವಸ್ವಾಮಿಯ ಕಣ್ಣು ಗೋಡೆ ಗಡಿಯಾರದ ಮೇಲಿತ್ತು. ಬಸ್ಸು ತಪ್ಪಿದರೆ ಎಂಬ ಚಿಂತೆಯಲ್ಲಿ ಅರ್ಧ ಮಾತು ಕಿವಿಗೆ ಬಿತ್ತು, ಅರ್ಧ ಬೀಳಲಿಲ್ಲ.

"ಅತ್ಗೆ, ಇವು ದಿನಾ ಒಂದೊಂದು. ಈ ಸಣ್ಣವು ಎದೆ ನೋವು ಬಂದಾಗ ಒಂದು" ಎಂದು ಮನೆಗೆ ಬಂದು ಒಪ್ಪಿಸಿದ.

"ಎಂಗ್ ಕೊಡ್ಬೇಕಂತೆ?"

"ಮಾತ್ರೆ ಎಂಗ್ ಕೊಡ್ತಾರೆ? ನೀನೊಬ್ಳು. ನುಂಗ್ಸೋದು."

ಅಲ್ಲಿಂದ ಸಂಕ್ರಾಂತಿ ಕಳೆದ ಆ ನಾಲ್ಕನೇ ದಿನದವರೆಗೆ ಮೂರು ಸಲ ನೋವು ಬಂತು. ಮೂರು ಸಲವೂ ಮಾತ್ರೆ ಮುದ್ದೆಯಲ್ಲೇ ಹೋಯಿತು. ಈ ಮೂರನೆಯದಾದ ಮೇಲೆ ಮರಿಮಲ್ಲಪ್ಪ ಮಾತ್ರೆ ಹಾಳೆಯನ್ನು ಗೂಡಿಗೆ ಎಸೆದು ಹೇಳಿದ: "ಇದು ಬರೀ ಸೀಮೆಸುಣ್ಣ ಕಣಮ್ಮಿ. ಇನ್ಮೇಲೆ ನಂಗೆ ಬ್ಯಾಡ. ಕುದೇರಿಗೆ ಓಗುವಾಗ ಕಟ್ಬೇಡ ಇದ್ನ."

ಕುದೇರಿನಲ್ಲಿ ಅವನ ಅಕ್ಕನ ಗಂಡ ಪುಟ್ಟಬಸಪ್ಪನ ಅರಿಶಿನ ಕೀಳುವುದು ಮುಗಿದಿತ್ತು. ಬರುವ ಸೋಮವಾರದಿಂದ ಎಂಟು ದಿನ ಬೇಯಿಸಿಕೊಡಲು ಅವನು ಒಪ್ಪಿಕೊಂಡಿದ್ದ.

"ಅಲ್ಲಿ ಬೆಂಕಿ ಮುಂದೆ ಎದೆ ಇಡ್ಕಂಡ್ರೆ ಏನ್ ಗತಿ?" ಎಂದಳು ಪುಟ್ಟಸಿದ್ದಮ್ಮ.

"ಕುದೇರಲ್ಲೂ ಹಿಟ್ಟು ಬೇಯ್ಸ್ತಾರೆ ಬುಡು" ಎಂದು ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ಮಾತ್ರೆ ಇದ್ದಾಗಲೇ ಹೀಗೆ. ಅದನ್ನೂ ಬಿಟ್ಟು ಹೋದರೆ ಈ ಮನುಷ್ಯ ಕುದೇರಿನಿಂದ ನಡೆದುಕೊಂಡು ಬರುತ್ತಾನೋ, ಎತ್ತಿಕೊಂಡು ಬರುತ್ತಾರೋ ಎಂದು ಭಯವಾಗಿ, ಅವನು ಎಸೆದ ಹಾಳೆಯನ್ನು ಗೂಡಿನಲ್ಲಿ ನೆಟ್ಟಗೆ ಎತ್ತಿಟ್ಟಳು.

ಬುಧವಾರ ಗುಂಡ್ಲುಪೇಟೆಯ ಅಬ್ದುಲ್ ಜಬ್ಬಾರ್ ಬಂದ. ಅರಿಶಿನದ ವ್ಯಾಪಾರಿ. ಅವನೂ ಮರಿಮಲ್ಲಪ್ಪನೂ ಇಪ್ಪತ್ತು ವರ್ಷದಿಂದ ಜಗಳವಾಡಿಕೊಂಡೇ ಸ್ನೇಹಿತರು. ಅಂಗಳದಲ್ಲಿ ಒಣಗುತ್ತಿದ್ದ ಕೊಂಬೊಂದನ್ನು ಕಿವಿಯ ಹತ್ತಿರ ಹಿಡಿದು ಲಟಕ್ಕನೆ ಮುರಿದ.

"ಇನ್ನೂ ಹಸಿ ಐತೆ ಮಲ್ಲಪ್ಪೋರೆ. ಸದ್ದು ಬರ್ಲಿಲ್ಲ."

"ಕಿವಿ ತೊಳ್ಕಂಡು ಕೇಳಿ ಸಾಬ್ರೆ."

ಕಾಫಿ ಕುಡಿಯಲು ಪಡಸಾಲೆಗೆ ಬಂದಾಗ ಜಬ್ಬಾರನ ಕಣ್ಣು ಗೂಡಿನ ಮೇಲೆ ಬಿತ್ತು. ವಿಭೂತಿ ಉಂಡೆಯ ಪಕ್ಕ ಮಾತ್ರೆ ಹಾಳೆ. ಅವನು ತನ್ನ ಅಂಗಿ ಜೇಬಿಗೆ ಕೈ ಹಾಕಿ ಅಂಥದೇ ಒಂದು ಹಾಳೆ ತೆಗೆದು ತೋರಿಸಿದ.

"ಇದು ಯಾರಿಗೆ? ನಿಮ್ಗಾ? ನಂಗೆ ನಾಲ್ಕು ವರ್ಷದಿಂದ ಐತೆ. ಮೈಸೂರು ಬಸ್ಸಲ್ಲಿ ಒಂದ್ಸಲ ನಂಜನಗೂಡು ಹತ್ರ ನೋವು ಬಂತು. ಇಟ್ಟೆ. ಊರು ದಾಟೋದ್ರೊಳಗೆ ಇಳೀತು."

"ಬಸ್ಸಲ್ಲಿ ಹಿಟ್ಟು ಎಲ್ ಸಿಕ್ತು?" ಎಂದಳು ಪುಟ್ಟಸಿದ್ದಮ್ಮ.

"ಹಿಟ್ಟಾ? ಹಿಟ್ಟು ಯಾಕಕ್ಕ?"

ಅವಳು ಹೇಳಿದಳು. ಜಬ್ಬಾರ್ ಮೊದಲು ಕಾಫಿ ನೆತ್ತಿಗೇರುವಷ್ಟು ನಕ್ಕ. ನಗುತ್ತ ನಗುತ್ತ ಇಬ್ಬರ ಮುಖ ನೋಡಿದ, ನಗು ನಿಂತಿತು.

"ಅಕ್ಕ, ಇದನ್ನ ನುಂಗಬಾರ್ದು. ನಾಲಿಗೆ ಕೆಳಗೆ ಇಟ್ಟು ಬಾಯಿ ಮುಚ್ಚೋದು, ಅಷ್ಟೇ. ಅದೇ ಕರಗುತ್ತೆ."

"ನಿಮ್ ಪದ್ಧತಿ ನಿಮ್ಗೆ, ನಮ್ ಪದ್ಧತಿ ನಮ್ಗೆ ಸಾಬ್ರೆ" ಎಂದ ಮರಿಮಲ್ಲಪ್ಪ.

"ನಾಲಿಗೆ ಅಡಿ ಎಲ್ಲರಿಗೂ ಒಂದೇ ತರ ಐತಲ್ಲ ಸ್ವಾಮಿ! ಅದ್ರಲ್ಲಿ ಬೇರೆ ಪದ್ಧತಿ ಎಲ್ಲಿಂದ ತಂದ್ರಿ?"

"ಹೊಟ್ಟೆಗೋಗ್ದೆ ಔಷ್ದಿ ಕೆಲ್ಸ ಮಾಡದುಂಟಾ? ಬಾಯಲ್ಲಿಟ್ರೆ ರುಚಿ, ಹೊಟ್ಟೆಗೋದ್ರೆ ಗುಣ."

"ನಾನು ಹೇಳಿದ್ರೆ ನೀವು ಕೇಳಲ್ಲ. ಅರಿಶಿನದ ವಿಷ್ಯದಲ್ಲೇ ಕೇಳ್ದೋರಲ್ಲ. ಅಕ್ಕ, ನೀವು ನರ್ಸಮ್ಮನ್ನ ಕೇಳಿ. ನಾಳೆಯೇ ಕೇಳಿ" ಎಂದು ಜಬ್ಬಾರ್ ಎದ್ದ. ಹೊಸ್ತಿಲು ದಾಟಿದವನು ಮತ್ತೆ ತಿರುಗಿ ನಿಂತು, "ಮರೀಬೇಡಿ ಅಕ್ಕ" ಎಂದ.

ಮಾರನೆಯ ದಿನ ಗುರುವಾರ, ಮಕ್ಕಳಿಗೆ ಚುಚ್ಚುಮದ್ದು ಹಾಕುವ ದಿನ. ಪುಟ್ಟಸಿದ್ದಮ್ಮ ಬೆಳಿಗ್ಗೆಯೇ ಬೇಗೂರಿನ ಆಸ್ಪತ್ರೆಗೆ ನಡೆದಳು. ನರ್ಸ್ ನಾಗಮಣಿಯ ಮುಂದೆ ಅಳುವ ಕೂಸುಗಳ ಸಾಲು. ಅದು ಕರಗುವವರೆಗೆ ಮೆಟ್ಟಿಲ ಮೇಲೆ ಕೂತಿದ್ದು, ಆಮೇಲೆ ಸೆರಗಿನ ಗಂಟಿನಿಂದ ಮಾತ್ರೆ ಹಾಳೆ ತೆಗೆದು ತೋರಿಸಿದಳು.

ನಾಗಮಣಿ ಹಾಳೆಯ ಹೆಸರು ಓದಿದಳು. "ಹೇಗೆ ಕೊಡ್ತಿದ್ರಿ ಅಕ್ಕ?"

ಕೇಳಿಸಿಕೊಂಡ ಮೇಲೆ ಅವಳು ನಗಲಿಲ್ಲ. "ಎಷ್ಟು ಸಲ?"

"ಮೂರು ಸಲ ಕಣವ್ವ."

"ಮೂರು ಸಲಾನೂ ಈ ಮಾತ್ರೆ ಬೇಕಾದ ಹೊತ್ತಿಗೆ ಕೆಲಸ ಮಾಡಿಲ್ಲ ಅಕ್ಕ. ಅಣ್ಣ ಎದ್ದು ಕೂತಿದ್ದು ಅವರ ಅದೃಷ್ಟ."

ಪುಟ್ಟಸಿದ್ದಮ್ಮ ತನ್ನ ಬಲಗೈಯನ್ನು ನೋಡಿಕೊಂಡಳು. ಉಂಡೆ ಕಟ್ಟಿದ ಕೈ. "ಅಂಗಾದ್ರೆ ನಾನೇ ನನ್ ಕೈಯಾರೆ..." ಎಂದಳು.

"ನೀವು ಕೊಲ್ಲಕ್ಕೆ ಕೊಟ್ರಾ? ಬದುಕ್ಲಿ ಅಂತ ಬೀದಿ ಓಡಿ ಕೊಟ್ರಿ. ಹೇಳ್ಬೇಕಾದ ಮಾತು ನಿಮ್ಮ ತನಕ ಬರ್ಲಿಲ್ಲ. ಈಗ ಬಂತಲ್ಲ. ನಾಳೆ ನಿಮ್ಮೂರಿಗೇ ಬರ್ತೀನಿ, ಅಣ್ಣನ್ನ ಮನೇಲಿ ಇರ್ಸಿ."

ಶುಕ್ರವಾರ ನಾಗಮಣಿ ಬಂದಾಗ ಮರಿಮಲ್ಲಪ್ಪ ಕುದೇರಿಗೆ ಒಯ್ಯುವ ಕಡ್ಡಿಗಳನ್ನು ಚೂಪು ಮಾಡುತ್ತ ಕೂತಿದ್ದ. ದವಡೆಯಲ್ಲಿ ಎಲೆ, ಅಡಿಕೆ, ಹೊಗೆಸೊಪ್ಪು. ಸಣ್ಣತಾಯಮ್ಮ ಸುದ್ದಿ ತಿಳಿದು ಮೊದಲೇ ಬಂದು ಜಾಗ ಹಿಡಿದಿದ್ದಳು.

"ಅಣ್ಣ, ಬಾಯಲ್ಲಿರೋದನ್ನ ಉಗಿದು, ಬಾಯಿ ಮುಕ್ಕಳಿಸಿ ಬನ್ನಿ" ಎಂದಳು ನಾಗಮಣಿ.

"ಈಗಷ್ಟೇ ಹಾಕ್ಕಂಡೆ ಕಣಮ್ಮ."

"ಉಗ್ದು ಬನ್ನಿ ಅಂದ್ನಲ್ಲ."

ಊರಿಗೆ "ಇಳುಸ್ರಲಾ" ಎನ್ನುವ ಮನುಷ್ಯ ಎದ್ದು ಹೋಗಿ ಉಗಿದು ಬಂದ. ನಾಗಮಣಿ ಗೋಡೆಯ ಕನ್ನಡಿ ಇಳಿಸಿ ಅವನ ಕೈಗೆ ಕೊಟ್ಟು ಬಾಗಿಲ ಬೆಳಕಿಗೆ ಕೂರಿಸಿದಳು.

"ನಾಲಿಗೆ ಮೇಲಕ್ಕೆತ್ತಿ ನೋಡಿ. ಏನ್ ಕಾಣುತ್ತೆ?"

ಮರಿಮಲ್ಲಪ್ಪ ನೋಡಿದ. ಅರವತ್ತರ ಹತ್ತಿರ ಬಂದಿದ್ದರೂ ಆ ಜಾಗವನ್ನು ಅವನು ಎಂದೂ ನೋಡಿರಲಿಲ್ಲ. "ಅಮ್ಮಿ! ಬಾ ಇಲ್ಲಿ! ನನ್ ನಾಲ್ಗೆ ಅಡೀಲಿ ನೀಲಿ ಹಾವಿನ ಮರಿ ಮಲಗವೆ ಕಣಮ್ಮಿ, ಎರಡು!"

"ಕೊಡಿಲ್ಲಿ, ನಂಗೂ ಅವಾ ನೋಡನ" ಎಂದು ಸಣ್ಣತಾಯಮ್ಮ ಕನ್ನಡಿ ಕಿತ್ತುಕೊಂಡಳು. "ಅಯ್ ಶಿವನೇ, ನಂಗೂ ಅವೆ!"

"ಎಲ್ಲರಿಗೂ ಇರ್ತವೆ. ಅವು ರಕ್ತನಾಳ" ಎಂದು ನಾಗಮಣಿ ನಕ್ಕಳು. "ಅಲ್ಲಿ ಚರ್ಮ ಈರುಳ್ಳಿ ಪೊರೆ ಇದ್ದ ಹಾಗೆ ತೆಳ್ಳಗೆ. ಮಾತ್ರೆ ಅಲ್ಲಿ ಕರಗಿದ್ರೆ ನೇರ ರಕ್ತಕ್ಕೆ ಇಳಿಯುತ್ತೆ, ಎರಡು ಮೂರು ನಿಮಿಷಕ್ಕೆ ಎದೆ ಸೇರುತ್ತೆ. ಹೊಟ್ಟೆಗೆ ಹೋದ್ರೆ? ನಿಮ್ಮ ಅರಿಶಿನದ ಲಾರಿ ಕೇರಳಕ್ಕೆ ಹೋಗುವಾಗ ಚೆಕ್‌ಪೋಸ್ಟಲ್ಲಿ ನಿಂತ್ಕೊಳ್ಳಲ್ವಾ?"

"ಗಂಟೆಗಟ್ಲೆ ನಿಂತ್ಕತದೆ."

"ಹೊಟ್ಟೆಯಿಂದ ಹೊರಟ ಔಷಧಕ್ಕೂ ಒಂದು ಚೆಕ್‌ಪೋಸ್ಟ್ ಇದೆ, ಲಿವರ್ ಅಂತ. ಈ ಮಾತ್ರೆಯ ಸತ್ವ ಬಹಳಷ್ಟು ಅಲ್ಲೇ ಕಳೆದುಹೋಗುತ್ತೆ. ಉಳಿದದ್ದು ಎದೆ ಮುಟ್ಟೋ ಹೊತ್ತಿಗೆ ತಡ. ಅದ್ರ ಮೇಲೆ ಮುದ್ದೆ ಬೇರೆ ಸುತ್ತಿ ಕಳಿಸ್ತೀರಿ. ಮೊದಲು ಅದು ಕರಗ್ಬೇಕು, ಆಮೇಲೆ ಮಾತ್ರೆ ಹೊರಗೆ ಬರ್ಬೇಕು."

ಮರಿಮಲ್ಲಪ್ಪ ಗದ್ದ ಕೆರೆದುಕೊಂಡ. "ನೀನ್ ಓದ್ದೋಳು, ಏಳ್ತೀಯೆ. ಬಾಯಲ್ಲಿ ಕರಗಿದ್ದು ಎದೆಗೆ ಓಯ್ತದೆ ಅನ್ನದು ನನ್ ತಲೆಗೆ ಓಗದಿಲ್ಲ."

"ಹೊಗೆಸೊಪ್ಪು ದವಡೆಗೆ ಒತ್ಕೊಂಡ ಗಳಿಗೆಗೆ ಏನಾಗುತ್ತೆ ಅಣ್ಣ?"

"ಜುಂ ಅಂತದೆ."

"ಅದನ್ನ ನುಂಗ್ತೀರಾ?"

"ನುಂಗುದ್ರೆ ವಾಂತಿ ಆಯ್ತದೆ. ಉಗಿತೀನಿ."

"ಮತ್ತೆ ಜುಂ ಅನ್ಸಿದ್ದು ತಲೆಗೆ ಯಾವ ದಾರೀಲಿ ಹೋಯ್ತು?"

ಸಣ್ಣತಾಯಮ್ಮ ತನ್ನ ದವಡೆಯನ್ನು ಕೈಯಿಂದ ಮುಟ್ಟಿ ನೋಡಿಕೊಂಡಳು. ಮರಿಮಲ್ಲಪ್ಪ ಕನ್ನಡಿ ವಾಪಸು ತಗೊಂಡು ಇನ್ನೊಂದು ಸಲ ನಾಲಿಗೆ ಎತ್ತಿ ನೋಡಿ, "ನಲವತ್ತು ವರ್ಷದಿಂದ ಅದೇ ದಾರೀಲಿ ಓಯ್ತಾ ಅದಲ್ಲ" ಎಂದ.

"ವಿಷ ಹೋಗೋ ದಾರೀಲಿ ಔಷಧಾನೂ ಹೋಗುತ್ತೆ. ಎದೆ ಕಾಯಿಲೆಯವರು ಹೊಗೆಸೊಪ್ಪು ಬಿಡ್ಲೇಬೇಕು, ಅದು ಬೇರೆ ಮಾತು."

"ಅಂಗಾದ್ರೆ ಎಲ್ಲಾ ಮಾತ್ರೆನೂ ನಾಲ್ಗೆ ಕೆಳಗೇ ಇಡ್ಬೋದಾ ಸಿಸ್ಟರಮ್ಮ?" ಎಂದು ಕೇಳಿದವಳು ಪುಟ್ಟಸಿದ್ದಮ್ಮ.

"ಇಲ್ಲ ಅಕ್ಕ, ಒಳ್ಳೆ ಮಾತು ಕೇಳಿದ್ರಿ. ದಿನದ ಮಾತ್ರೆ ನೀರಲ್ಲಿ ನುಂಗೋದೇ. ಎಲ್ಲಾ ಔಷಧಕ್ಕೂ ಒಂದೇ ದಾರಿ ಅಲ್ಲ. ಕೊಟ್ಟವರನ್ನ ಕೇಳ್ಬೇಕು. ಇನ್ನು ಇದನ್ನ ಕೇಳಿಸ್ಕೊಳ್ಳಿ. ನೋವು ಬಂದ ತಕ್ಷಣ ಕೆಲಸ ಬಿಟ್ಟು ಕೂರಬೇಕು, ನಿಂತು ತಗೊಂಡ್ರೆ ತಲೆ ತಿರುಗಿ ಬೀಳ್ತಾರೆ. ಬಾಯಿ ಖಾಲಿ ಇರ್ಬೇಕು. ಇಟ್ಟ ಮೇಲೆ ಅಗಿಯೋ ಹಾಗಿಲ್ಲ, ನುಂಗೋ ಹಾಗಿಲ್ಲ, ಕರಗೋ ತನಕ ನೀರೂ ಬೇಡ. ಸ್ವಲ್ಪ ತಲೆ ಸಿಡಿಯುತ್ತೆ, ಹೆದರ್ಬೇಡಿ. ಐದು ನಿಮಿಷಕ್ಕೂ ನೋವು ಹೋಗ್ಲಿಲ್ಲ ಅಂದ್ರೆ ಇನ್ನು ಕಾಯ್ಬೇಡಿ, ಗಾಡಿ ಹತ್ತಿಸಿ. ಯಾರಿಗೆ ಬರ್ಕೊಟ್ಟಿದ್ದಾರೋ ಅವರಿಗೇ ಈ ಮಾತ್ರೆ. ಪಕ್ಕದ ಮನೆಯವರಿಗೆ ಎದೆ ಉರಿ ಅಂತ ಕೊಟ್ಟುಬಿಡ್ಬೇಡಿ."

ಕೊನೆಯ ಮಾತಿಗೆ ಸಣ್ಣತಾಯಮ್ಮ ಎಲ್ಲೋ ನೋಡಿದಳು. ಒಂದು ಮಾತ್ರೆ ಕೇಳಿ ಇಟ್ಟುಕೊಳ್ಳೋಣ ಎಂದೇ ಅವಳು ಬಂದಿದ್ದದ್ದು.

"ಕುದೇರಿಗೆ ಓಗ್ಬೋದಾ?" ಎಂದ ಮರಿಮಲ್ಲಪ್ಪ.

"ಬೆಂಕಿ ಮುಂದೆ ಬೇಡ ಅಂತ ನಾನು ಹೇಳೋದು. ಮೊದಲು ಡಾಕ್ಟರಿಗೆ ತೋರ್ಸಿ."

"ಮಾತು ಕೊಟ್ಟಿವ್ನಿ. ಕಿತ್ತ ಅರಿಶಿನ ಕಾಯದಿಲ್ಲ. ಬಂದ್ಮೇಲೆ ತೋರುಸ್ತೀನಿ."

"ಅಂಗಾದ್ರೆ ನಾನೂ ಬತ್ತೀನಿ" ಎಂದಳು ಪುಟ್ಟಸಿದ್ದಮ್ಮ. ಅವಳು ಅವನ ಜೊತೆ ಕೆಲಸದ ಊರಿಗೆ ಎಂದೂ ಹೋದವಳಲ್ಲ. ಅವನು ಅವಳ ಮುಖ ನೋಡಿ, ಕಡ್ಡಿಗಳ ಚೀಲದಲ್ಲಿ ಅವಳ ಸೀರೆಗೂ ಜಾಗ ಮಾಡಿದ.

ಕುದೇರಿನಲ್ಲಿ ಮೊದಲ ಎರಡು ದಿನ ಏನೂ ಆಗಲಿಲ್ಲ. ಪುಟ್ಟಬಸಪ್ಪನ ಹೊಲದಲ್ಲಿ ಹುಣಸೆಮರದ ನೆರಳು, ಕೊಪ್ಪರಿಗೆಯ ಹಳದಿ ಹಬೆ, ಆಳುಗಳ ತಮಾಷೆ. "ಈ ಸಲ ಮಲ್ಲಪ್ಪಣ್ಣ ಎಂಡ್ತಿ ಕರ್ಕಂಡ್ ಬಂದವ್ನೆ, ಒಸ ಮದ್ವಣ್ಗ ಕಣ್ಲಾ" ಎಂದು ಹುಡುಗರು ರೇಗಿಸುತ್ತಿದ್ದರು. ಪುಟ್ಟಸಿದ್ದಮ್ಮ ಬೆಂದ ಕೊಂಬುಗಳನ್ನು ಹರಡುತ್ತ, ಕುಪ್ಪಸದೊಳಗಿನ ಚೀಲದಲ್ಲಿ ಮಾತ್ರೆ ಹಾಳೆ ಇದೆಯೇ ಎಂದು ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಮೂರನೇ ದಿನ ಮಧ್ಯಾಹ್ನ ಮರಿಮಲ್ಲಪ್ಪ ಕಡ್ಡಿ ಚುಚ್ಚಲು ಕೊಂಬು ಎತ್ತಿದ. ಕೊಂಬು ಕೈಯಿಂದ ಬಿತ್ತು. "ಇಳುಸ್ರ..." ಎಂದವನು ಮಾತು ಮುಗಿಸಲಿಲ್ಲ.

ಅವಳು ಅಲ್ಲಿಗೆ ಮುಟ್ಟುವಾಗ ಅವನು ಕೊಪ್ಪರಿಗೆಯ ಕಡೆಗೇ ವಾಲುತ್ತಿದ್ದ. ಇಬ್ಬರು ಆಳುಗಳು ಹಿಡಿದುಕೊಂಡರು. "ಮರಕ್ಕೆ ಒರಗ್ಸಿ ಕೂರುಸ್ರಪ್ಪ, ಮಲುಗುಸ್ಬೇಡಿ" ಎಂದಳು. ದವಡೆಯಲ್ಲಿ ಎಲೆಯಡಿಕೆ ಉಬ್ಬಿಕೊಂಡಿತ್ತು. ಉಗಿಯುವ ಶಕ್ತಿ ಅವನಿಗೆ ಇರಲಿಲ್ಲ. ಗಂಡನ ಮುಖವನ್ನು ನಾಲ್ಕು ಜನರ ಮುಂದೆ ಮುಟ್ಟಿದವಳಲ್ಲ ಪುಟ್ಟಸಿದ್ದಮ್ಮ. ಅವತ್ತು ಬಾವ, ನೆಂಟರು, ಆಳುಗಳು ನೋಡುತ್ತಿದ್ದ ಹಾಗೇ ಅವನ ಬಾಯಿಗೆ ಬೆರಳು ಹಾಕಿ ಎಲೆಯಡಿಕೆ ಬಳಿದು ತೆಗೆದಳು. ಸೆರಗು ಒದ್ದೆ ಮಾಡಿ ಬಾಯಿ ಒರೆಸಿದಳು.

"ನಾಲ್ಗೆ ಎತ್ತಿ."

ಎತ್ತಿದ. ಕನ್ನಡಿಯಲ್ಲಿ ಕಂಡಿದ್ದ ಆ ನೀಲಿ ನರಗಳ ಪಕ್ಕ ಮಾತ್ರೆ ಇಟ್ಟು ಗದ್ದ ಹಿಡಿದು ಬಾಯಿ ಮುಚ್ಚಿದಳು.

"ನೀರು ಕುಡುಸ್ರಮ್ಮ, ನೀರು!" ಎಂದು ಪುಟ್ಟಬಸಪ್ಪ ಚೊಂಬು ಹಿಡಿದು ಬಂದ.

"ಬ್ಯಾಡ ಬಾವ."

"ಗಂಟ್ಲು ಒಣಗ್ತದೆ ಕಣಮ್ಮ, ಒಂದು ಗುಟುಕು..."

"ಬ್ಯಾಡ ಅಂದ್ನಲ್ಲ ಬಾವ! ಗಾಡಿ ನೋಡೋಗಿ!"

ದೊಡ್ಡವರ ಮುಂದೆ ದನಿ ಎತ್ತದ ಹೆಂಗಸು ಅಷ್ಟು ಗಟ್ಟಿಯಾಗಿ ಹೇಳಿದಳು. ಪುಟ್ಟಬಸಪ್ಪ ಚೊಂಬು ಅಲ್ಲೇ ಬಿಟ್ಟು ಊರೊಳಗಿನ ಟೆಂಪೋ ಕಡೆ ಓಡಿದ.

ಮರಿಮಲ್ಲಪ್ಪನ ಗಂಟಲ ಮಣಿ ಮೇಲೆ ಕೆಳಗೆ ಆಡಲು ನೋಡುತ್ತಿತ್ತು. ಹುಟ್ಟಿದಾಗಿನಿಂದ ನುಂಗಿ ಅಭ್ಯಾಸ. "ನುಂಗ್ಬೇಡಿ. ತಡ್ಕಳಿ. ಹಾಂ, ಅಂಗೇ" ಎಂದು ಅವಳು ಗಂಟಲ ಮಣಿಯನ್ನೇ ನೋಡುತ್ತ ಕೂತಳು. ಅವನ ಕಣ್ಣು ಅವಳ ಕಣ್ಣಲ್ಲಿತ್ತು. ಒಲೆಯಲ್ಲಿ ಒಣ ಸೋಗೆ ಚಟಪಟ ಉರಿಯುತ್ತಿತ್ತು.

ಸ್ವಲ್ಪ ಹೊತ್ತಿಗೆ ಮುಷ್ಟಿ ಕಟ್ಟಿದ್ದ ಅವನ ಕೈ ಬಿಚ್ಚಿತು. ತುಟಿಗೆ ಬಣ್ಣ ಬಂತು. ಹೇಳಲು ಬಾಯಿ ತೆರೆಯ ಹೋದ, ಅವಳು ಗದ್ದ ಬಿಡಲಿಲ್ಲ. ಬೆರಳಲ್ಲಿ ಎದೆ ತೋರಿಸಿ ಕೈಯನ್ನು ಕೆಳಗೆ ಇಳಿಸಿದ. ಇಳೀತಾ ಅದೆ, ಎಂದು. ಆದರೆ ಪೂರ್ತಿ ಇಳಿದಿಲ್ಲ ಎನ್ನುವುದು ಅವನ ಹುಬ್ಬಿನ ಗಂಟಲ್ಲೇ ಕಾಣುತ್ತಿತ್ತು. ನಾಗಮಣಿಯ ಐದು ನಿಮಿಷ ಅವಳ ತಲೆಯಲ್ಲಿತ್ತು. ಟೆಂಪೋ ಬಂದ ಕೂಡಲೆ ಹತ್ತಿಸಿದಳು.

ಚಾಮರಾಜನಗರದ ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲ ನೋಡಿ, ಒಳಗೆ ಮಲಗಿಸಿ, ಸಂಜೆಗೆ ಹೊರಗೆ ಬಂದರು. "ಮಾತ್ರೆ ಇಟ್ಟೋರು ಯಾರು?" ಎಂದರು. ಪುಟ್ಟಸಿದ್ದಮ್ಮ ಏನೋ ತಪ್ಪಾಯಿತೆಂದು ಎದ್ದು ನಿಂತಳು. "ಇಟ್ಟಿದ್ದು ಒಳ್ಳೇದಾಯ್ತು, ಕಾಯದೆ ಕರ್ಕೊಂಡು ಬಂದಿದ್ದು ಅದಕ್ಕಿಂತ ಒಳ್ಳೇದಾಯ್ತಮ್ಮ. ಆದ್ರೆ ಇವರಿನ್ನು ಬೆಂಕಿ ಮುಂದೆ ನಿಲ್ಲಕೂಡದು" ಎಂದರು.

ಮರಿಮಲ್ಲಪ್ಪ ಆಮೇಲೆ ಹನ್ನೆರಡು ವರ್ಷ ಬದುಕಿದ. ಕೊಪ್ಪರಿಗೆಯ ಹತ್ತಿರ ಹೋಗಲಿಲ್ಲ. ದೂರದಲ್ಲಿ ಹಗ್ಗದ ಮಂಚದ ಮೇಲೆ ಕೂತಿರುತ್ತಿದ್ದ. ಕೊಂಬುಗಳನ್ನು ತಟ್ಟೆಯಲ್ಲಿ ತಂದು ಕೊಟ್ಟರೆ ಕಡ್ಡಿ ಚುಚ್ಚಿ ಹೇಳುತ್ತಿದ್ದ. ಎಲೆಯಡಿಕೆ ಉಳಿಸಿಕೊಂಡು ಹೊಗೆಸೊಪ್ಪು ಬಿಟ್ಟ, ಬಿಟ್ಟದ್ದಕ್ಕೆ ಒಂದು ವರ್ಷ ಎಲ್ಲರ ಮೇಲೂ ರೇಗಾಡಿದ. ಜಬ್ಬಾರ್ ಬಂದಾಗ ಇಬ್ಬರೂ ಜೇಬಿನಿಂದ ಮಾತ್ರೆ ಹಾಳೆ ತೆಗೆದು, ಯಾರದು ಮೊದಲು ಖಾಲಿಯಾಗುತ್ತದೆ ಎಂದು ಛೇಡಿಸಿಕೊಳ್ಳುತ್ತಿದ್ದರು. ಈಗ ಆ ಇಬ್ಬರೂ ಇಲ್ಲ. ಕೊಪ್ಪರಿಗೆಯ ಕಾಲವೂ ಹೋಯಿತು.

ಪುಟ್ಟಸಿದ್ದಮ್ಮ ಇದ್ದಾಳೆ. ಮೊನ್ನೆ ಮೊಮ್ಮಗಳು ಭವ್ಯಳಿಗೆ ವಾಂತಿ ನಿಲ್ಲಲೆಂದು ಡಾಕ್ಟರು ಒಂದು ಹೊಸ ಬಗೆಯ ಔಷಧ ಕೊಟ್ಟರು. ಮಾತ್ರೆಯಲ್ಲ, ಟಾನಿಕ್ ಅಲ್ಲ. ಸಣ್ಣ ಪೊಟ್ಟಣದೊಳಗೆ ಅಂಚೆ ಚೀಟಿಯಷ್ಟಗಲದ, ಎದುರಿನ ಬೆಳಕು ಕಾಣುವಷ್ಟು ತೆಳ್ಳನೆಯ ಒಂದು ಹಾಳೆ. ಮನೆಯವರೆಲ್ಲ ಅದರ ಚಂದ ನೋಡುತ್ತಿದ್ದರೆ ಅಜ್ಜಿ ಮಾತ್ರ, "ಇದ್ನ ನಾಲ್ಗೆ ಮೇಲೋ, ಕೆಳಗೋ? ಕೇಳ್ಕಂಡ್ ಬಂದ್ರಾ?" ಎಂದಳು. ಯಾರೂ ಕೇಳಿರಲಿಲ್ಲ. ಫೋನು ಮಾಡಿಸಿ ಕೇಳಿಸಿದಳು. ನಾಲಿಗೆಯ ಮೇಲೆ, ಎಂದರು. ಒಣ ಕೈಯಲ್ಲಿ ತೆಗೆಯಿರಿ, ಒದ್ದೆ ಬೆರಳಿಗೆ ಅಂಟಿ ಕರಗಿಹೋಗುತ್ತದೆ ಎಂದೂ ಹೇಳಿದರು. ಭವ್ಯ ನಾಲಿಗೆ ಚಾಚಿದಳು. ಅಜ್ಜಿ ತಾನೇ ಇಟ್ಟಳು, ನೋಡುನೋಡುತ್ತಿದ್ದಂತೆ ಹಾಳೆ ಕರಗಿಹೋಯಿತು.

ಓದುತ್ತಿರುವ, ಓದಿಸಿಕೊಂಡು ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಔಷಧ ಕೈಗೆ ಬಂದರೆ ಸಾಲದು, ಅದು ಹೋಗಬೇಕಾದ ದಾರಿಯೂ ತಿಳಿದಿರಬೇಕು. ನುಂಗುವುದೋ, ಅಗಿಯುವುದೋ, ನಾಲಿಗೆಯ ಮೇಲೆ ಕರಗಿಸುವುದೋ, ಕೆಳಗೆ ಇಡುವುದೋ, ಕೆನ್ನೆಯ ಒಳಗೆ ಅಂಟಿಸುವುದೋ ಎಂದು ಡಾಕ್ಟರನ್ನು, ನರ್ಸನ್ನು, ಔಷಧದಂಗಡಿಯವರನ್ನು ಕೇಳಿ. ಅರ್ಥವಾಗದಿದ್ದರೆ ಇನ್ನೊಂದು ಸಲ ಕೇಳಿ, ಅವರು ಹೇಳಿದ್ದನ್ನು ನಿಮ್ಮ ಬಾಯಲ್ಲಿ ತಿರುಗಿ ಹೇಳಿ ತೋರಿಸಿ. ಬೇರೆಯವರಿಗಾಗಿ ಔಷಧ ತರುತ್ತಿದ್ದರಂತೂ ಕೇಳದೆ ಎದ್ದು ಬರಬೇಡಿ. ಎದೆ ನೋವು ಮೊದಲ ಸಲ ಬಂದವರು ಯಾರ ಮಾತ್ರೆಯನ್ನೂ ಬೇಡದೆ ನೇರ ಆಸ್ಪತ್ರೆಗೆ ಹೋಗಿ. ಈಗ ನೂರಾ ಎಂಟಕ್ಕೆ ಫೋನು ಮಾಡಿದರೆ ಗಾಡಿ ಬರುತ್ತದೆ. ಮಾತ್ರೆ ಬರೆಸಿಕೊಂಡವರು ಅದನ್ನು ಯಾವಾಗಲೂ ಮೈಮೇಲೆ ಇಟ್ಟುಕೊಳ್ಳಿ, ಮನೆಯವರಿಗೂ ಇಡುವ ಬಗೆ ಕಲಿಸಿ.

ಇದನ್ನು ಕೇಳಿ ಮುಗಿಸಿ ಮನೆಗೆ ಹೋದವರು ಇವತ್ತೇ ಔಷಧದ ಡಬ್ಬಿ ತೆರೆದು, ಅದರಲ್ಲಿರುವ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ. ಹೇಗೆ ಕೊಡಬೇಕೆಂದು ನಿಮಗೆ ಗೊತ್ತಿಲ್ಲದ್ದು ಒಂದೇ ಒಂದು ಇದ್ದರೂ, ನಾಳೆ ಬೆಳಿಗ್ಗೆ ಅದನ್ನು ಹಿಡಿದುಕೊಂಡು ಕೇಳಲು ಹೊರಡಿ.